ಕರಾಚಿಗೆ ಐದಾರು ತಾಸು

ಹಜಿರಾ,

ರಾತ್ರಿ ಚಿಲಕದ ಸದ್ದಿಗೆ ನೀನು ಎದ್ದಾಗ ಬೆಕ್ಕು ಎಂದೆನಲ್ಲ, ಬೆಕ್ಕಲ್ಲ. ಕರಾಚಿಯಿಂದ ಮರಳಿದ ಶಂಶುದ್ದೀನ್ ಚಾಚಾ ಬಂದಿದ್ದರು. ನಿಮ್ಮಣ್ಣ ಅಲ್ಲಿ ಇನ್ನೊಂದು ನಿಕಾಹ್ ಮಾಡಿಕೊಂಡಿದ್ದಾರಂತೆ.

ನಾನು ಮೊದಲ ಬಸ್ಸಿಗೆ ಹುಮನಾಬಾದಕ್ಕೆ, ತವರಿಗೆ ಹೊರಟಿದ್ದೇನೆ. ಹಾಲು ಕಾಯಿಸಿಟ್ಟಿದ್ದೇನೆ. ಅಮ್ಮೀಯ ಕಣ್ಣಿನ ಔಷಧ ಗೂಡಿನಲ್ಲಿದೆ.

ಹೈದರಾಬಾದಿನಿಂದ ಕರಾಚಿ ಒಂಬತ್ತು ನೂರು ಮೈಲಿ, ವಿಮಾನದಲ್ಲಿ ಐದಾರು ತಾಸು ಎಂದು ನಾನು ಹೇಳಿದ ದಿನದಿಂದ ಅಮ್ಮೀಗೆ ಒಂದೇ ಮಾತು: "ಹುಮನಾಬಾದಕ್ಕ ಬಂಡ್ಯಾಗ ಇಡೀ ದಿನಾ ಹಿಡೀತದ. ಕರಾಚಿನೇ ಹತ್ರ ಆತಲ್ಲ! ಮುಂಜಾನಿ ಹೊಂಟ್ರ ಸಂಜಿಗಿ ಬರ್ತಾನ." ದಿನಾ ಸಂಜೆ ನಿಮ್ಮಣ್ಣನ ಪಾಲಿನ ರೊಟ್ಟಿಯನ್ನೂ ಮಾಡಿಸುತ್ತಾರೆ. ಗೊಣಗದೆ ಮಾಡಿಡು. ಕೇಳಿದರೆ, ಗಡಿ ದಾಟಿ ಮರಳಲು ಸರ್ಕಾರದ ಪರ್ಮಿಟ್ ಇನ್ನೂ ಸಿಕ್ಕಿಲ್ಲ ಎನ್ನು.

ತವರಿನಲ್ಲಿ ನಾನೂ ಅದನ್ನೇ ಹೇಳುತ್ತೇನೆ. ನಿನ್ನೊಬ್ಬಳನ್ನು ಬಿಟ್ಟು ನಿಕಾಹಿನ ಮಾತು ಯಾರಿಗೂ ತಿಳಿಸುವುದಿಲ್ಲ.

ನಿನ್ನ ಭಾಭಿ