ಹತ್ತು ಮಾರು ಮುಂದೆ

ರೀ,

ನೀವು ಸತ್ತು ವರ್ಷವಾಯಿತು. ನನ್ನ ಸಿಟ್ಟೂ ಇಳಿದಿಲ್ಲ, ಮೈಯೂ ಇಳಿದಿಲ್ಲ. ತೂಕ ಇಳಿಸಲು ನಡೆಯಬೇಕೆಂದು ಡಾಕ್ಟರ್ ಹೇಳಿದ್ದು ನನಗೆ. ಆದರೆ ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ಹತ್ತು ಮಾರು ಮುಂದೆ ಬಿರಬಿರನೆ ನಡೆದವರು ನೀವು. ಈ ಡುಮ್ಮಿ ನಿಮ್ಮ ಹೆಂಡತಿಯೆಂದು ಜನಕ್ಕೆ ಗೊತ್ತಾಗಬಾರದಿತ್ತು, ಅಲ್ಲವೇ? ಅಂಗಡಿ ತುಂಬ ಜನರೆದುರು "ಇವಳಿಗೆ ಬಗ್ಗೋಕಾಗಲ್ಲ, ಲೇಸ್ ಇಲ್ಲದ ಶೂ ಕೊಡಿ" ಅಂದಿರಿ. ಆ ಶೂಗಳನ್ನೇ ಇನ್ನೂ ಸವೆಸುತ್ತಿದ್ದೇನೆ. ಕೊನೆಗೆ ಸಾಯುವಾಗಲೂ ನನ್ನನ್ನು ಬಿಟ್ಟು ಮುಂದೆ ಹೋದಿರಿ.

ಇವತ್ತು ಪಾರ್ಕಿನಲ್ಲಿ ನಿಮ್ಮ ಹರಟೆಯ ಗೆಳೆಯರಾದ ಮೇಷ್ಟ್ರು ಸಿಕ್ಕರು.

"ನಿಮ್ಮೋರು ದಿನಾ ಆ ತಿರುವಲ್ಲಿ ಮರದ ಹಿಂದೆ ನಿಂತ್ಕೊಳ್ಳೋರು ಕಣಮ್ಮ. ನೀವು ಕಾಣಿಸಿದ ಮೇಲೇ ಮುಂದಕ್ಕೆ ಹೋಗೋರು. ಯಾಕ್ರೀ ಹೀಗೆ ಅಂದ್ರೆ, 'ಜೊತೆಗೆ ನಡೆದ್ರೆ ಬೆಂಚ್ ಕಂಡಲ್ಲೆಲ್ಲ ಕೂತ್ಬಿಡ್ತಾಳೆ. ಸಿಟ್ಟು ಬಂದ್ರೇನೇ ಅವಳು ನಡೆಯೋದು' ಅನ್ನೋರು."

ಎಂಥ ಮನುಷ್ಯರು ನೀವು! ಮೇಷ್ಟ್ರಿಗೆ ಹೇಳಿದ್ದನ್ನು ನನಗೂ ಒಂದು ಸಲ ಹೇಳಿದ್ದರೆ ನಿಮ್ಮಪ್ಪನ ಗಂಟೇನು ಹೋಗುತ್ತಿತ್ತು?

ವಾಪಸ್ ಬರುವಾಗ ಆ ಮರದ ಹತ್ತಿರ ಸ್ವಲ್ಪ ಹೊತ್ತು ನಿಂತೆ. ನಿಮಗಾಗಿ ಅಂದುಕೊಳ್ಳಬೇಡಿ. ಶೂ ಲೇಸ್ ಬಿಚ್ಚಿಕೊಂಡಿತ್ತು, ಅಷ್ಟೇ.