ಸೀಬೆಹಣ್ಣಿನ ಮುಂದೆ ರಂಜಿ

12 ಜನವರಿ 1998, ಸೋಮವಾರ

ಪೂಜೆ ಮುಗಿಸಿ ಅಂಗಡಿ. ಚಿಕ್ಕಪೇಟೆ ತುಂಬ ಹಬ್ಬದ ಜನ — ನೋಡುವವರೇ ಜಾಸ್ತಿ. ಮಧ್ಯಾಹ್ನ ಒಬ್ಬ ಗಡ್ಡದವನು ಬಂದ. ಉಡುವುದಕ್ಕಲ್ಲವಂತೆ, ಮೇಜಿನ ಮೇಲೆ ಹಾಸಿ ಚಿತ್ರ ಬರೆಯುವುದಕ್ಕೆ ರೇಷ್ಮೆ ತುಂಡು ಬೇಕಂತೆ. ಕರ್ಮ! ಅಂಗಡಿಯನ್ನೆಲ್ಲ ಬಿಚ್ಚಿ ಹಾಕಿಸಿದ. ಆಮೇಲೆ ಗಲ್ಲಾ ಮೇಲಿನ ಫೋಟೋ ನೋಡಿ ನಿಂತುಬಿಟ್ಟ.

"ಇದು... ಶಿವರಂಜಿನಿ ಅಲ್ವಾ ಸಾರ್? ಆರ್ಟ್ ಸ್ಕೂಲಲ್ಲಿ ನನ್ ಸ್ಟೂಡೆಂಟು."

ಹಾರ ನೋಡಿಯೂ ಅರ್ಥವಾಗಲಿಲ್ಲ ಅವನಿಗೆ. "ನನ್ ಮಗಳು. ಹೋದ್ ಮಾರ್ಚಲ್ಲಿ ಹೋಗ್ಬಿಟ್ಳು. ಮೆದುಳು ಜ್ವರ" ಎಂದೆ. ಬಿಚ್ಚಿದ ಬಟ್ಟೆಗಳ ಮೇಲೇ ಕೂತುಬಿಟ್ಟ. ಆತ್ರೇಯ ಅಂತ ಹೆಸರು. ರಂಜಿಯನ್ನು ಎದುರಿಗೆ ಕೂರಿಸಿಕೊಂಡು ಒಂದು ಚಿತ್ರ ಬರೆದಿದ್ದಾನಂತೆ. ಬಸವನಗುಡಿಯ ಅವನ ರೂಮಿನಲ್ಲಿದೆಯಂತೆ.

ಮನೆಯಲ್ಲಿ ಹೇಳಲಿಲ್ಲ. ಮಹಾನಂದ ನೆಟ್ಟಗೆ ಮಾತಾಡಿ ಎಷ್ಟು ಕಾಲವಾಯಿತು... ಹೂಂ, ಉಹೂಂ, ಅಷ್ಟೆ. ನನಗೆ ಬಡಿಸಿ, ತಾನು ಒಲೆಯ ಹತ್ತಿರ ನಿಂತೇ ಒಂದೆರಡು ತುತ್ತು ನುಂಗುತ್ತಾಳೆ. ಸೀರೆ ಮೈಮೇಲೆ ನಿಲ್ಲುತ್ತಿಲ್ಲ. ಹೀಗೇ ಆದರೆ ಹೆಂಡತಿಯೂ ನನಗೆ ಉಳಿಯುವುದಿಲ್ಲ.

18 ಜನವರಿ, ಭಾನುವಾರ

ಹೋಗಿ ನೋಡಿದೆ. ಮೇಜು. ಅದರ ಮೇಲೆ ಸೀಬೆಹಣ್ಣು, ಹಿತ್ತಾಳೆ ಲೋಟ. ಹಿಂದೆ ರಂಜಿ. ಹುಬ್ಬು ಗಂಟು ಹಾಕಿಕೊಂಡು ಕೂತಿದ್ದಾಳೆ. ಹಣೆ ಬೋಳು — ವಿಭೂತಿ ಹೋಗಲಿ, ಒಂದು ಬೊಟ್ಟೂ ಇಲ್ಲ.

"ಯಾಕ್ರೀ ಸಿಟ್ಟು ಮಾಡ್ಕೊಂಡಿದಾಳೆ?"

"ಹಸಿವು ಸಾರ್. ಒಂದೇ ಒಂದು ಹಣ್ಣು ತಿಂತೀನಿ ಅಂತಿದ್ಳು. ಚಿತ್ರ ಮುಗಿಯೋವರ್ಗೂ ಮುಟ್ಟಬೇಡ ಅಂತ ಬೈತಿದ್ದೆ."

ನಕ್ಕೆ. ನಗುತ್ತಲೇ ಅತ್ತೆ, ಪರರ ಮನೆಯಲ್ಲಿ, ನಾಚಿಕೆಯಿಲ್ಲದೆ. ಕೊಡಿ ಎಂದೆ. ಅವನಿಗೆ ಮನಸ್ಸಿಲ್ಲ. "ಒರಿಜಿನಲ್ ಸಾರ್, ಇದೊಂದೇ ಇರೋದು" ಅಂದ. "ಮಗಳೂ ಒಬ್ಬಳೇ ಇದ್ದಿದ್ದು ಕಣಪ್ಪಾ" ಎಂದೆ. ಗೋಡೆಯಿಂದ ಇಳಿಸಿದ. ರೇಟು ಹೇಳಿದ, ಕೊಟ್ಟೆ. ಹುಟ್ಟಿದಾಗಿನಿಂದ ಚೌಕಾಸಿ ಮಾಡದೆ ತಂದದ್ದು ಇದೊಂದೇ.

ಅದೇ ದಿನ, ಸಂಜೆ

ಚಾಮರಾಜಪೇಟೆಗೆ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಹಾಲ್‌ನಲ್ಲಿ ಒರಗಿಸಿದೆ. ಮಹಾನಂದ ಕೈ ಒರೆಸಿಕೊಳ್ಳುತ್ತ ಬಂದಳು. ನಿಂತಳು. ಹತ್ತಿರ ಹೋದಳು.

"ಅಯ್ಯೋ, ಹೊಟ್ಟೆ ಹಸ್ದಿದೆ ಕಣ್ರೀ ಇವಳಿಗೆ!"

ನಾನು ಏನೂ ಹೇಳಿರಲಿಲ್ಲ. ಶಿವನೇ, ಒಂದು ಮಾತೂ ಹೇಳಿರಲಿಲ್ಲ.

8 ಫೆಬ್ರವರಿ

ಈಗ ತಟ್ಟೆ ತಂದು ಚಿತ್ರದ ಎದುರು ಕೂತು ಉಣ್ಣುತ್ತಾಳೆ. ಬೈಯುತ್ತಾಳೆ ಕೂಡ — "ಏನೇ ಮೂತಿ ಅದು, ಉಪ್ಪಿಟ್ಟು ಅಂದ್ರೆ ಅಷ್ಟು ಸಿಟ್ಟಾ?" ಇವತ್ತು ಅಕ್ಕಿರೊಟ್ಟಿ ಮಾಡಿದ್ದಳು. ಇನ್ನೊಂದು ಹಾಕಿಕೊಂಡಳು. ನೋಡಿಯೂ ನೋಡದವನ ಹಾಗೆ ಪೇಪರ್ ಹಿಡಿದು ಕೂತಿದ್ದೆ.

26 ಫೆಬ್ರವರಿ

ಸರ್ವಮಂಗಳಕ್ಕ ಬಂದಿದ್ದಳು. ರಂಜಿಯ ವರ್ಷದ ಗಣಾರಾಧನೆ ಹತ್ತಿರ ಬಂತು. ಚಿತ್ರ ನೋಡಿ ಎದೆಗೆ ಕೈ ಇಟ್ಟುಕೊಂಡಳು.

"ಏನೋ ಇದು ವೃಷಭಾ! ಲಿಂಗಾಯತರ ಹುಡುಗಿ ಹಣೆ ಹಿಂಗಾ? ಅಯ್ನೋರು ಬಂದು ಇದಕ್ಕೆ ಪೂಜೆ ಮಾಡ್ಬೇಕಾ? ಮೊದ್ಲು ವಿಭೂತಿ ಹಾಕ್ಸು."

ತಪ್ಪೇನು ಅದರಲ್ಲಿ? ಸತ್ತವರ ಫೋಟೋಗೆಲ್ಲ ಸ್ಟುಡಿಯೋದಲ್ಲಿ ಹಾಕಿಸುತ್ತೇವೆ. ಅಪ್ಪನ ಫೋಟೋಗೂ ಹಾಗೇ, ಗಲ್ಲಾ ಮೇಲಿನ ರಂಜಿ ಫೋಟೋಗೂ ಹಾಗೇ. ಆತ್ರೇಯನಿಗೆ ಫೋನ್ ಮಾಡಿದೆ. ಮೂರು ಗೆರೆ ಎಳೆದುಕೊಡಪ್ಪಾ ಎಂದರೆ — "ದಯವಿಟ್ಟು ಕೈ ಹಚ್ಬೇಡಿ ಸಾರ್" ಅಂದ. ನಾನು ದುಡ್ಡು ಕೊಟ್ಟು ತಂದ ವಸ್ತುವಿಗೆ ಇವನ ಅಪ್ಪಣೆಯೇನು? ಮಾಮೂಲ್‌ಪೇಟೆಯ ನರಸಿಂಹಯ್ಯ ಮೂವತ್ತು ವರ್ಷದಿಂದ ಫೋಟೋ ಟಚಪ್ ಮಾಡುತ್ತಿದ್ದಾನೆ. ಫ್ರೇಮ್ ಹಾಕಿಸಿ ತರುತ್ತೇನೆಂದು ಮನೆಯಲ್ಲಿ ಹೇಳಿ ಅವನಿಗೆ ಕೊಟ್ಟೆ.

3 ಮಾರ್ಚ್

ಚಿತ್ರ ತಂದೆ. ನೀಟಾದ ವಿಭೂತಿ, ನಡುವೆ ಕುಂಕುಮ. ಹಣೆಯ ಸುಕ್ಕು ತೆಗೆದಿದ್ದಾನೆ. ಹುಬ್ಬು ತಿದ್ದಿದ್ದಾನೆ. "ಬಣ್ಣ ಸ್ವಲ್ಪ ಕಪ್ಪಿತ್ತು ಸ್ವಾಮಿ, ಬೆಳ್ಳಗೆ ಮಾಡಿದೀನಿ" ಅಂದ. ಲಕ್ಷಣವಾಗಿದೆ ಎನ್ನಿಸಿತು. ಹೌದು, ಅನ್ನಿಸಿತು.

ಮಹಾನಂದ ತಟ್ಟೆ ಹಿಡಿದು ಬಂದವಳು ಅಲ್ಲೇ ನಿಂತಳು.

"ಇದ್ಯಾರ್ರೀ?"

"ನಮ್ ರಂಜೀನೇ... ಹಣೆಗೆ ಸ್ವಲ್ಪ—"

"ಅವಳು ಯಾವತ್ತು ಹಿಂಗಿದ್ಳು? ಯಾವತ್ರೀ?"

ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು. ತಟ್ಟೆ ಒಳಗೆ ಇಟ್ಟು ಹೋಗಿ ಮಲಗಿದಳು.

4 ಮಾರ್ಚ್

ಬೆಳಿಗ್ಗೆಯೇ ಬಸವನಗುಡಿಗೆ ಓಡಿದೆ. ಆತ್ರೇಯ ಬೈಯಲಿಲ್ಲ. ಹತ್ತಿಗೆ ಎಣ್ಣೆಯಂಥದ್ದೇನೋ ಹಚ್ಚಿ ಮೂಲೆಯಲ್ಲಿ ಉಜ್ಜಿ ನೋಡಿದ. ಕೆಳಗಿನ ಬಣ್ಣವೂ ಜೊತೆಗೇ ಬಂತು. ನಿಲ್ಲಿಸಿದ.

"ಮತ್ತೆ ಬರ್ದುಬಿಡಪ್ಪಾ. ಮೊದ್ಲು ಹೆಂಗಿತ್ತೋ ಹಂಗೆ. ಕಾಲಿಗ್ ಬೀಳ್ತೀನಿ."

"ಅವಳನ್ನ ನೋಡ್ಕೊಂಡು ಬರ್ದಿದ್ದು ಸಾರ್. ಇನ್ ಯಾರನ್ನ ನೋಡಿ ಬರೀಲಿ?"

ಅವನೂ ಅಳುತ್ತಿದ್ದ. ನನ್ನಂಥ ಮುಠ್ಠಾಳ ಈ ಊರಲ್ಲಿ ಇನ್ನೊಬ್ಬನಿಲ್ಲ. ಜ್ವರ ಉಳಿಸಿಹೋಗಿದ್ದನ್ನೂ ನಾನೇ ಕೈಯಾರೆ ಅಳಿಸಿದೆ.

11 ಮಾರ್ಚ್

ಗಣಾರಾಧನೆ ಆಯಿತು. ಚಿತ್ರ ಎಲ್ಲರಿಗೂ ಹಿಡಿಸಿತು.

2 ಏಪ್ರಿಲ್

ಮಹಾನಂದ ಅನ್ನ ಮುಟ್ಟುತ್ತಿಲ್ಲ. ಮಜ್ಜಿಗೆ ಮಾತ್ರ, ಅದೂ ಗದರಿದರೆ. ಚಿತ್ರ ತೆಗೆದಿಡಲೇ ಎಂದೆ, ಬೇಡ ಅಂದಳು. ಈಗ ಸಂಜೆ ಅಂಗಡಿಯಿಂದ ಬಂದಾಗ ಅದರ ಮುಂದೆಯೇ ಕೂತಿದ್ದಳು. ಕಣ್ಣು ಮುಚ್ಚಿಕೊಂಡು.

"ರೀ, ಮೊದ್ಲಿನ ಮುಖ ನೆನಸ್ಕೊಳ್ತಿದೀನಿ. ಇದೇ ಅಡ್ಡ ಬರ್ತಿದೆ. ಹುಬ್ಬು ಹೆಂಗ್ ಗಂಟ್ ಹಾಕ್ತಿದ್ಳು? ನೀವ್ ಹೇಳಿ. ನಿಮಗ್ ಜ್ಞಾಪಕ ಇದೆ ಅಲ್ವಾ?"

ಇದೆ ಎಂದೆ. ಕಣ್ಣು ಮುಚ್ಚಿದೆ. ವಿಭೂತಿ ಕಾಣಿಸಿತು, ಕುಂಕುಮ ಕಾಣಿಸಿತು. ಅದರ ಹಿಂದೆ ರಂಜಿ ಇರಲಿಲ್ಲ.