ಹೊಳೆಯಾಚೆಯ ಅಮ್ಮ

ಮನೆಯಿಂದ,
ಅಕ್ಟೋಬರ್ ಹದಿನೆಂಟು, ಸೋಮವಾರ ಸಂಜೆ

ಪ್ರೀತಿಯ ಮಗನೇ,

ಹೇಗಿದ್ದೀಯ? ಅಂಗೈಯ ಗುಳ್ಳೆಗಳು ಒಣಗಿದವೇ? ಕಾಲಿಗೆ ಮೊಳೆ ಚುಚ್ಚಿದ್ದಕ್ಕೆ ಇಂಜೆಕ್ಷನ್ ಹಾಕಿಸಿಕೊಂಡೆ ಎಂದು ಬರೆದಿದ್ದೆ. ನಿಜವಾಗಿಯೂ ಹಾಕಿಸಿಕೊಂಡೆಯೋ, ಇಲ್ಲ ನನ್ನ ಬಾಯಿ ಮುಚ್ಚಿಸಲು ಬರೆದೆಯೋ? ನೀರು ಕಾಯಿಸಿ ಕುಡಿ. ನೆರೆ ಇಳಿದ ಊರಿನ ನೀರನ್ನು ನಂಬಬಾರದು, ಅದು ನೋಡಲು ಎಷ್ಟೇ ತಿಳಿಯಾಗಿದ್ದರೂ. ನಾನು ಚೆನ್ನಾಗಿದ್ದೇನೆ. ಮಂಡಿನೋವು ಇದ್ದಲ್ಲೇ ಇದೆ, ಮೆಟ್ಟಿಲು ಹತ್ತುವಾಗ ಮಾತ್ರ ಮಾತಾಡಿಸುತ್ತದೆ. ಆಸ್ಪತ್ರೆಯಲ್ಲಿ ನಮ್ಮ ಬಟ್ಟೆ ಒಗೆಯುವ ಕೋಣೆಗೆ ಹೊಸ ಇಸ್ತ್ರಿ ಯಂತ್ರ ಬಂದಿದೆ. ಹಳೆಯದು ಗೊರಕೆ ಹೊಡೆಯುತ್ತಿತ್ತು, ಇದು ಸೀಟಿ ಹೊಡೆಯುತ್ತದೆ. ಹಾಸಿಗೆಯ ಚಾದರಗಳು ಅದರ ಬಾಯಿಂದ ಹಪ್ಪಳದ ಹಾಗೆ ಗರಿಗರಿಯಾಗಿ ಬರುತ್ತವೆ. ಮಡಚುವುದು ಮಾತ್ರ ಇನ್ನೂ ನಮ್ಮ ಕೈಯೇ.

ಕ್ಷೇಮಸಮಾಚಾರ ಮುಗಿಯಿತು. ಈಗ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ: ನನಗೆ ಹೊಟ್ಟೆಕಿಚ್ಚು. ಇದನ್ನು ಬೇರೆ ಯಾವ ಮಾತಿನಲ್ಲೂ ಹೇಳಲು ಬರುವುದಿಲ್ಲ. ಹೊಳೆ ಉಕ್ಕಿ ಆಚೆ ದಂಡೆಯ ಊರನ್ನು ಗುಡಿಸಿಕೊಂಡು ಹೋದ ಮೇಲಿನ ಭಾನುವಾರ, ಪಾದ್ರಿಗಳು ಪ್ರಾರ್ಥನೆ ಮುಗಿಸಿ, ನಮ್ಮ ನೆರೆಯವರಿಗೆ ತಲೆಯ ಮೇಲೆ ಸೂರಿಲ್ಲ, ಕಟ್ಟಿಕೊಡಲು ಯಾರು ಬರುತ್ತೀರಿ ಎಂದು ಕೇಳಿದಾಗ ಮೊದಲು ಎದ್ದು ನಿಂತವನು ನೀನು. ಕನ್ನಡಕದ ಅಂಗಡಿಯಲ್ಲಿ ಕೂತು ಗಾಜು ಉಜ್ಜುವ ಹುಡುಗ, ಇಟ್ಟಿಗೆಯನ್ನು ದೂರದಿಂದ ಕಂಡವನು! ಪಕ್ಕದಲ್ಲಿದ್ದವರು ನನ್ನ ಕಡೆ ತಿರುಗಿ ನೋಡಿದರು. ನಾನು ಎದೆಯುಬ್ಬಿಸಿ ಕೂತಿದ್ದೆ. ಹದಿನೈದು ದಿನ ಅಮ್ಮ, ಹೋದೆ, ಬಂದೆ ಎಂದಿದ್ದೆ. ನೀನು ಹೋದದ್ದನ್ನು ಕಂಡೆ, ಬಂದದ್ದನ್ನು ಕಾಣಲಿಲ್ಲ. ಎರಡು ತಿಂಗಳಾಯಿತು. ಅದನ್ನೂ ತಡೆದುಕೊಂಡೆ. ಫೋನಿನ ಕಂಬಗಳು ಬಿದ್ದಿವೆ, ಸೇತುವೆ ಮುರಿದಿದೆ, ಚರ್ಚಿನ ಲಾರಿ ಸುತ್ತುಬಳಸಿ ಹೋಗಿಬರುವಾಗ ಒಂದು ಕಾಗದ ತಂದರೆ ಅದೇ ಹಬ್ಬ ಎಂದುಕೊಂಡೆ.

ಆದರೆ ಹೋದ ತಿಂಗಳ ಆ ಕಾಗದ! ಬಾಗಿಲಲ್ಲೇ ನಿಂತು ಬಿಡಿಸಿದೆ. "ಅಮ್ಮ ಹೇಳಿದರು, ಗೋಡೆ ಸ್ವಲ್ಪ ಓರೆಯಾಗಿದೆ ಅಂತ" ಎಂದು ಬರೆದಿದ್ದೆ. ನಾನು ಯಾವಾಗ ಹೇಳಿದೆ, ಗೋಡೆಯನ್ನು ನಾನು ಎಲ್ಲಿ ನೋಡಿದೆ ಎಂದು ಯೋಚಿಸುತ್ತಾ ಮುಂದೆ ಓದಿದರೆ, "ಅಮ್ಮ ನನ್ನ ನೀಲಿ ಅಂಗಿಗೆ ತೇಪೆ ಹಾಕಿಕೊಟ್ಟರು. ಅಮ್ಮನಿಗೆ ಕೆಮ್ಮು." ಆಗ ಹೊಳೆಯಿತು, ಈ ಅಮ್ಮ ನಾನಲ್ಲ. ನೀನು ಯಾರ ಮನೆ ಕಟ್ಟುತ್ತಿದ್ದೀಯೋ ಆ ಕೊಡೆ ರಿಪೇರಿ ಮಾಡುವ ಮುದುಕಿ. ನೀವು ಕೊಟ್ಟ ಹಳದಿ ಹೆಲ್ಮೆಟ್ಟನ್ನು ಬೆಳಗಿನಿಂದ ಸಂಜೆಯವರೆಗೆ ತೆಗೆಯುವುದೇ ಇಲ್ಲವೆಂದು ಎಲ್ಲರೂ ಅವಳನ್ನು ಟೋಪಿಯಮ್ಮ ಎನ್ನುತ್ತಾರಂತೆ. ಚೆನ್ನಾಗಿದೆ ಹೆಸರು! ನನ್ನ ಮಗನಿಗೇ ಟೋಪಿ ಹಾಕಿದ್ದಾಳೆ ಎಂದು ಕಾಗದವನ್ನು ಅರ್ಧಕ್ಕೇ ಮಡಚಿ, ಸಕ್ಕರೆ ಡಬ್ಬಿಯ ಕೆಳಗೆ ತುರುಕಿದೆ. ನಮ್ಮ ಅಡುಗೆಮನೆಯ ಹಲಗೆ ಎರಡು ವರ್ಷದಿಂದ ಒಂದೇ ಮೊಳೆಯ ಮೇಲೆ ಜೋತಾಡುತ್ತಿದೆ, ಅದಕ್ಕೆ ನಿನ್ನದು "ನಾಳೆ ಅಮ್ಮ". ಅಲ್ಲಿ ಯಾರಿಗೋ ನಾಲ್ಕು ಗೋಡೆ ಎಬ್ಬಿಸಿದ್ದೀಯ. ಮೂರು ದಿನ ನನಗೆ ಊಟ ಸೇರಲಿಲ್ಲ. ಕೆಲಸದಲ್ಲಿ ನನ್ನ ಜೊತೆ ಚಾದರ ಮಡಚುವವಳು, "ಏನೇ, ಚಾದರನ ಹರಿದು ಹಾಕ್ತೀಯಾ, ಅಷ್ಟು ಯಾಕೆ ಎಳೀತೀಯ?" ಎಂದು ಗದರಿದಳು.

ಅದಕ್ಕೇ ಮೊನ್ನೆ ಶನಿವಾರ ನಿನಗೆ ಹೇಳದೆ ಕೇಳದೆ ಹೊರಟುಬಂದೆ. ಹೌದು, ಬಂದಿದ್ದೆ. ಕೆಸರು ಹಿಡಿದ ಕಂಬಳಿಗಳನ್ನು ಒಗೆಯಲು ಹೆಂಗಸರು ಬೇಕು ಎಂದು ಚರ್ಚಿನಲ್ಲಿ ಕೇಳಿದ್ದರು. ಬಟ್ಟೆ ಒಗೆಯುವುದರಲ್ಲಿ ನನ್ನನ್ನು ಮೀರಿಸುವವರು ಯಾರು ಎಂದು ಕೈ ಎತ್ತಿದೆ. ಇರುವುದರಲ್ಲೇ ಒಳ್ಳೆಯ ಬಟ್ಟೆ ಉಟ್ಟೆ, ಹೊಸ ಚಪ್ಪಲಿ ಮೆಟ್ಟಿದೆ. ಈ ಹುಡುಗನಿಗೆ ಹೆತ್ತವಳೊಬ್ಬಳಿದ್ದಾಳೆ, ಅವಳು ಹೀಗಿದ್ದಾಳೆ ಎಂದು ಅವಳಿಗೆ ತೋರಿಸಬೇಕಿತ್ತು. ಲಾರಿ ಡ್ರೈವರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನಮ್ಮಾ, ಮದುವೆ ಮನೆಗಾ?" ಎಂದ. ಕಿಟಕಿ ಬಾಗಿಲುಗಳ ರಾಶಿಗೆ ಒರಗಿಕೊಂಡು ಅರ್ಧ ದಿನ ಕುಲುಕಿಸಿಕೊಂಡು ಬಂದು ಇಳಿದರೆ ನೀನೇ ಇಲ್ಲ! ತೊಲೆ ಕೊಯ್ಯಿಸಲು ಪಾದ್ರಿಗಳ ಜೊತೆ ಮರದ ಮಿಲ್ಲಿಗೆ ಹೋಗಿದ್ದೀಯ, ಬರುವುದು ಬುಧವಾರ ಎಂದರು.

ಮಗನೇ, ಆ ಬೀದಿಯನ್ನು ನೀನು ಕಾಗದದಲ್ಲಿ ಸರಿಯಾಗಿ ಬರೆದೇ ಇರಲಿಲ್ಲ. ನಿಂತಿರುವ ಗೋಡೆಗಳ ಮೇಲೆಲ್ಲ ಕಿಟಕಿಗಿಂತ ಎತ್ತರಕ್ಕೆ ಕೆಸರಿನ ಗೆರೆ. ಮರದ ಕವಲಿನಲ್ಲಿ ಒಂದು ಕುರ್ಚಿ, ಯಾರೋ ಈಗಷ್ಟೇ ಎದ್ದುಹೋದ ಹಾಗೆ. ಆ ಬೀದಿಯ ತುಂಬ ನಮ್ಮ ಚರ್ಚಿನವರು. ನನ್ನ ಹಲ್ಲು ಕಿತ್ತ ಡಾಕ್ಟರು ಮಂಡಿಯವರೆಗೆ ಸಿಮೆಂಟಿನಲ್ಲಿ ನಿಂತು ಸಲಿಕೆ ಆಡಿಸುತ್ತಿದ್ದರು. ಪಿಯಾನೋ ನುಡಿಸುವ ಟೀಚರಮ್ಮ ಸಾಲಿನಲ್ಲಿ ನಿಂತು ಇಟ್ಟಿಗೆ ದಾಟಿಸುತ್ತಿದ್ದರು. ಆ ಊರಿನವರೂ ಜೊತೆಗಿದ್ದರು. ಯಾರು ಕೊಡುವವರು, ಯಾರು ತೆಗೆದುಕೊಳ್ಳುವವರು ಎಂದು ಗೊತ್ತಾಗದಷ್ಟು ಎಲ್ಲರ ಮೈಗೂ ಒಂದೇ ಕೆಸರು. ನನಗೆ ಮಾತ್ರ ಹೊಸ ಚಪ್ಪಲಿ.

ನನ್ನ ಕಲ್ಪನೆಯ ಟೋಪಿಯಮ್ಮ ದುಂಡುದುಂಡಗೆ, ನಯವಾಗಿ ಮಾತಾಡಿ ಮರುಳು ಮಾಡುವವಳು. ಕಂಡವಳು ಕೊಡೆಯ ಕಡ್ಡಿಯ ಹಾಗಿದ್ದಳು, ಅದರ ತುದಿಗೆ ಒಂದು ಹಳದಿ ಹೆಲ್ಮೆಟ್. ನನ್ನನ್ನು ಸರಿಯಾಗಿ ನೋಡದೆಯೇ, "ಅಲ್ಲಿ ಕಾಲಿಡಬೇಡಿ, ಹಸಿ ಇದೆ" ಎಂದಳು. ನಾನು ಇಂಥವನ ತಾಯಿ ಎಂದೆ. ಅವಳು ಮುಗುಳ್ನಗುತ್ತಾಳೆ, ಕೈ ಹಿಡಿದುಕೊಳ್ಳುತ್ತಾಳೆ, ಆಗ ನಾನು ಬಿಗುವಾಗಿರಬೇಕು ಎಂದೆಲ್ಲ ಲಾರಿಯಲ್ಲಿ ಲೆಕ್ಕ ಹಾಕಿಕೊಂಡು ಬಂದಿದ್ದೆ. ಅವಳ ಮುಖ ಹುಳ್ಳಗಾಯಿತು. "ಓ, ನೀವಾ!" ಎಂದಳು, ಬಾಡಿಗೆ ಕೇಳಲು ಬಂದವರಿಗೆ ಹೇಳುವ ಹಾಗೆ. ಆಮೇಲೆ ಸೊಂಟದ ಮೇಲೆ ಕೈಯಿಟ್ಟು, "ನಿಮ್ಮ ಪುರಾಣ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ ಕಣ್ರೀ. ಟೀ ಮಾಡಿಕೊಟ್ರೆ ನಮ್ಮಮ್ಮ ಇನ್ನೂ ಗಟ್ಟಿಯಾಗಿ ಮಾಡ್ತಾಳೆ ಅಂತಾನೆ. ಚಾದರ ಮಡಚಿದ್ರೆ ನಮ್ಮಮ್ಮ ಹೀಗೆ ಮಡಚೋದಿಲ್ಲ ಅಂತಾನೆ. ಎರಡು ತಿಂಗಳಿಂದ ಹೊಟ್ಟೆ ತುಂಬಿಸೋಳು ನಾನು, ಬಾಯಿ ತುಂಬ ಇರೋಳು ನೀವು!" ಎಂದಳು.

ನಿನ್ನಾಣೆ, ಒಳಗೊಳಗೇ ಹಿಗ್ಗಿ ಹೀರೇಕಾಯಿಯಾದೆ. ಇಲ್ಲಿ ನಾನು ಅವಳ ಮೇಲೆ ಕುದಿಯುತ್ತಿದ್ದರೆ ಅಲ್ಲಿ ಅವಳು ನನ್ನ ಮೇಲೆ ಕುದಿಯುತ್ತಿದ್ದಳು! ಆದರೂ ಬಿಟ್ಟುಕೊಡಲಿಲ್ಲ. ಹಗ್ಗದ ಮೇಲೆ ನಿನ್ನ ನೀಲಿ ಅಂಗಿ ಒಣಗುತ್ತಿತ್ತು. ಮೊಣಕೈಗೆ ಹಸಿರು ಕೊಡೆಬಟ್ಟೆಯ ತೇಪೆ, ಹಗ್ಗದಂಥ ದಾರ. ಇದೇನು ಹೊಲಿಗೆಯೋ, ಮೂಟೆ ಕಟ್ಟಿದ್ದೋ ಎಂದೆ. ಅವಳು, "ಮಳೆ ಬಂದ್ರೂ ಆ ಮೊಣಕೈ ನೆನೆಯೋದಿಲ್ಲ, ಅಷ್ಟು ಸಾಕು" ಎಂದಳು. ನೀನು ಕಟ್ಟಿದ ಗೋಡೆಯನ್ನು ತೋರಿಸಿ, ಓರೆ ಎಂದು ಮತ್ತೆ ಶುರು ಮಾಡಿದಳು. ನನಗೂ ಓರೆಯಾಗಿಯೇ ಕಂಡಿತು, ಆದರೆ ಒಪ್ಪಿಕೊಳ್ಳಲು ನಾನೇನು ಅವಳ ಕಡೆಯವಳೇ? "ಗೋಡೆ ನೆಟ್ಟಗೇ ಇದೆ, ನಿಮ್ಮ ಟೋಪಿ ಓರೆ" ಎಂದೆ. ಇಟ್ಟಿಗೆ ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅವಳೂ ನಕ್ಕಳು. ನಗುತ್ತಾ ನಗುತ್ತಾ ಕೆಮ್ಮು ಹತ್ತಿ, ಬಗ್ಗಿ ಕೂತುಬಿಟ್ಟಳು. ಅವಳ ಬೆನ್ನು ನೀವಲು ಹತ್ತಿರದಲ್ಲಿದ್ದವಳು ನಾನೇ. ಕೈ ತಾನಾಗಿಯೇ ಹೋಯಿತು. ಆ ಬೆನ್ನಿನಲ್ಲಿ ಮೂಳೆ ಬಿಟ್ಟರೆ ಏನೂ ಇರಲಿಲ್ಲ.

ಮಧ್ಯಾಹ್ನವೆಲ್ಲ ಇಬ್ಬರೂ ಕಂಬಳಿ ಒಗೆದೆವು. ಒಂದೊಂದನ್ನು ಹಿಂಡಿದಾಗಲೂ ಅರ್ಧ ಹೊಳೆ ಹೊರಗೆ ಬರುತ್ತಿತ್ತು. ಹಿಂಡಲು ಅವಳು ಒಂದು ತುದಿ, ನಾನು ಒಂದು ತುದಿ. ಹಾಗೆ ಹಿಂಡುತ್ತಿದ್ದಾಗ ಅವಳು ಮಾತಿನ ಮಧ್ಯೆ, ನನಗೂ ಗೊತ್ತಿರಬೇಕು ಎನ್ನುವ ಧಾಟಿಯಲ್ಲಿ, ಮೊದಲ ದಿನದ ಸಂಗತಿ ಹೇಳಿದಳು. ಕುಸಿದ ಮನೆಯಿಂದ ನೀನು ಒಂದು ತೊಟ್ಟಿಲನ್ನು ಹೊತ್ತು ತಂದೆಯಂತೆ. ಮಗು ಬದುಕಿದೆ, ತಾಯಿಯ ಜೊತೆ ಶಾಲೆಯ ಶಿಬಿರದಲ್ಲಿದೆ ಎಂದು ಎಲ್ಲರೂ ಹೇಳಿದರೂ ಆ ತೊಟ್ಟಿಲನ್ನು ಕೆಳಗಿಡಲಾರದೆ ಬೀದಿಯಲ್ಲೇ ಕೂತು ಬಿಕ್ಕಿಬಿಕ್ಕಿ ಅತ್ತೆಯಂತೆ. ಅವಳೇ ಎಬ್ಬಿಸಿ ಕರೆದುಕೊಂಡು ಹೋದಳಂತೆ. ಅಂದಿನಿಂದ ಅವಳು ನಿನಗೆ ಅಮ್ಮ. ಅದೇ ದಿನ ನನಗೆ ನೀನು ಬರೆದದ್ದು ನೆನಪಿದೆ: "ಹವೆ ಚೆನ್ನಾಗಿದೆ, ಊಟ ಚೆನ್ನಾಗಿದೆ." ಅಳು ಅವಳಿಗೆ, ಕ್ಷೇಮಸಮಾಚಾರ ನನಗೆ! ಮಗನೇ, ತೇಪೆಯನ್ನು ಕ್ಷಮಿಸಿದ್ದೆ, ಗೋಡೆಯನ್ನು ಕ್ಷಮಿಸಿದ್ದೆ. ಇದು ಎಲ್ಲಿಗೋ ನಾಟಿತು. ಕಂಬಳಿಯನ್ನು ಹೇಗೆ ತಿರುಚಿದೆನೆಂದರೆ, "ರೀ, ಅದು ನನ್ನ ಕುತ್ತಿಗೆ ಅಲ್ಲ" ಎಂದಳು.

ಅಷ್ಟಕ್ಕೇ ನಿಲ್ಲಲಿಲ್ಲ. "ಆ ಕನ್ನಡಕದ ಅಂಗಡಿಗೆ ಅವನು ವಾಪಸ್ ಹೋಗಲ್ಲ ಅಂತಿದಾನಲ್ಲ, ನೀವು ಒಪ್ಪಿದ್ರಾ?" ಎಂದು ಕೇಳಿ, ನನ್ನ ಮುಖ ನೋಡಿ, ತಟ್ಟನೆ ಒದ್ದೆ ಕೈಯಿಂದ ಬಾಯಿ ಮುಚ್ಚಿಕೊಂಡಳು. ಉಳಿದದ್ದನ್ನು ನಾನೇ ಬಾಯಿ ಬಿಡಿಸಿದೆ. ಈ ಊರು ಮುಗಿದ ಮೇಲೆ ಹೊಳೆಯ ಕೆಳಗಿನ ಊರುಗಳಿಗೆ ಹೋಗುವ ತಂಡಕ್ಕೆ ಪಾದ್ರಿಗಳು ನಿನ್ನನ್ನೇ ಮುಂದಾಳು ಮಾಡುತ್ತಾರೆ, ಸಂಬಳವೂ ಇದೆ, ಅದು ವರ್ಷಗಟ್ಟಲೆಯ ಕೆಲಸ, ಅಮ್ಮನಿಗೆ ಹೇಗೆ ಹೇಳಲಿ ಎಂದು ನೀನು ಅವಳನ್ನು ಕೇಳಿದ್ದೀಯ. ಅವಳನ್ನು! ನನಗೆ ಹೇಗೆ ಹೇಳಬೇಕೆಂದು ಅವಳನ್ನು ಕೇಳಿದ್ದೀಯ! ನಾನು ಕೈಯಲ್ಲಿದ್ದ ಕಂಬಳಿ ಬಿಟ್ಟು ನಿನ್ನ ಗೋಡೆಯ ಹಿಂದೆ ಹೋಗಿ ನಿಂತೆ. ಅಳುವುದಾದರೆ ಅವಳೆದುರು ಬೇಡ ಎಂದು.

ಅಲ್ಲಿ ನಿಂತಾಗ ಆ ಗೋಡೆಗೆ ಕೈಯಿಟ್ಟೆ. ಅದು ಓರೆಯೇ, ಸುಳ್ಳು ಹೇಳುವುದಿಲ್ಲ. ಆದರೆ ಪ್ರತಿ ಇಟ್ಟಿಗೆಯ ಸುತ್ತ ಸಿಮೆಂಟನ್ನು ಬೆರಳಿನಿಂದ ಸವರಿದ ಗುರುತಿದೆ, ಗಾಜು ಉಜ್ಜುವಾಗ ನೀನು ಅಂಚು ಸವರುತ್ತೀಯಲ್ಲ, ಹಾಗೇ. ಅವಳು ಹಿಂದಿನಿಂದ ಬಂದು ಸ್ವಲ್ಪ ದೂರದಲ್ಲೇ ನಿಂತಳು. "ಇದನ್ನ ಕೆಡವಿ ಮತ್ತೆ ಕಟ್ಟೋಣ ಅಂತ ಮೇಸ್ತ್ರಿ ಅಂದ. ಬೀಳುತ್ತಾ ಅಂತ ಕೇಳಿದೆ. ಬೀಳಲ್ಲ ಅಂದ. ಹಾಗಾದ್ರೆ ಇರಲಿ, ಹುಡುಗ ಮೊದಲ ಸಲ ಕಟ್ಟಿದ್ದು, ನಾನಿರೋ ತನಕ ಯಾರೂ ಮುಟ್ಟಕೂಡದು ಅಂದೆ" ಎಂದಳು. ನನ್ನ ಮಗನ ಪರವಾಗಿ ಜಗಳವಾಡುವವಳು ಇನ್ನೊಬ್ಬಳಿದ್ದಾಳೆ. ಅದಕ್ಕೆ ಸಂತೋಷಪಡಬೇಕೆಂದು ಗೊತ್ತು. ಪಟ್ಟೆ ಕೂಡ. ಆದರೆ ಹೊಟ್ಟೆಕಿಚ್ಚು ಪೂರ್ತಿ ಆರಿದೆ ಎಂದುಕೊಳ್ಳಬೇಡ, ಈ ಸಾಲು ಬರೆಯುವಾಗಲೂ ಅಲ್ಲಿ ಇಲ್ಲಿ ಹೊಗೆಯಾಡುತ್ತಿದೆ.

ಇಂದು ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ನಿನ್ನ ಅಂಗಡಿಯ ಯಜಮಾನರು ಷಟರ್ ಎತ್ತುತ್ತಿದ್ದರು. "ಏನಮ್ಮ, ಮಗರಾಯ ಯಾವಾಗ ಬರ್ತಾನೆ?" ಎಂದು ಕೇಳಿದರು. ಬೇರೆಯವರನ್ನು ನೋಡಿಕೊಳ್ಳಿ, ಅವನಿಗೆ ಮನೆ ಕಟ್ಟುವ ಕೆಲಸ ಸಿಕ್ಕಿದೆ ಎಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ, ಆದರೆ ಮಾತು ಆಗಲೇ ಬೀದಿಗೆ ಬಿದ್ದಿತ್ತು. ಆದ್ದರಿಂದ ಹೇಗೆ ಹೇಳಲಿ ಎಂದು ನೀನು ಇನ್ನು ಯಾರನ್ನೂ ಕೇಳಬೇಕಾಗಿಲ್ಲ. ಹೋಗು. ಕೋಪ ಇದೆ, ಅದು ನನ್ನ ಹತ್ತಿರವೇ ಇರಲಿ, ನೀನು ಹೋಗು. ಎತ್ತರದಲ್ಲಿ ನಿಂತು ಕೆಲಸ ಮಾಡುವಾಗ ಹುಷಾರು. ಪಾದ್ರಿಗಳಿಗೆ, ನಮ್ಮ ಹಲ್ಲಿನ ಡಾಕ್ಟರಿಗೆ ನನ್ನ ನಮಸ್ಕಾರ ತಿಳಿಸು. ದೇವರು ನಿನ್ನ ಕೈಗೆ ಬಲ ಕೊಡಲಿ, ಕಣ್ಣಿನ ಅಳತೆಯನ್ನೂ ಸ್ವಲ್ಪ ತಿದ್ದಲಿ.

ಇಂತಿ,
ನಿನ್ನ ಅಮ್ಮ
(ಹೆತ್ತವಳು)

ಮರೆತಿದ್ದೆ: ಲಾರಿ ಆಗಲೇ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದೆ, ಬೇಗ ಬರೆಯುತ್ತೇನೆ. ಬುಧವಾರ ಬಂದು ಟೋಪಿಯಮ್ಮ ಎಲ್ಲಿ ಎಂದು ಊರೆಲ್ಲ ಹುಡುಕಬೇಡ. ಶನಿವಾರ ಸಂಜೆ ಅವಳನ್ನು ಲಾರಿಗೆ ಹತ್ತಿಸಿಕೊಂಡು ಬಂದೆ. ಅವಳು ಮಲಗುತ್ತಿದ್ದ ಆ ಶಾಲೆಯ ನೆಲ ಒದ್ದೆ, ನಿಮ್ಮ ತಂಡದ ನರ್ಸಮ್ಮನೇ ಕಳಿಸಿಕೊಟ್ಟರು. ಇಂದು ಆಸ್ಪತ್ರೆಯಲ್ಲಿ ತೋರಿಸಿದೆ, ಎದೆಯಲ್ಲಿ ಕಫ ಕಟ್ಟಿದೆ, ಅವಳ ಮನೆಯ ಸೂರು ಮುಗಿಯುವ ತನಕ ಬೆಚ್ಚಗಿರಬೇಕು ಎಂದರು. ನಿನ್ನ ಕೋಣೆಯಲ್ಲಿ ನಿನ್ನ ಹಾಸಿಗೆಯ ಮೇಲಿದ್ದಾಳೆ. ಬಂದ ದಿನದಿಂದ ನನ್ನ ಟೀ ನೀರುನೀರು ಎನ್ನುತ್ತಿದ್ದಾಳೆ. ಇನ್ನು ಅವಳಿಗೆ ಏನು ಬರೆಯುವುದಿದ್ದರೂ ಈ ಮನೆಗೇ ಬರೆ. ಹೊಳೆಯಲ್ಲಿ ಅವಳ ಕನ್ನಡಕ ಹೋಗಿದೆಯಂತೆ, ದೂರದ್ದು ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ನಿನಗೆ ಹೇಳಿದರೆ ಕೆಲಸ ಬಿಟ್ಟು ಗಾಜು ಉಜ್ಜಲು ಕೂರುತ್ತೀಯೆಂದು ಹೇಳಿರಲಿಲ್ಲವಂತೆ. ಹೊಸದನ್ನು ಮಾಡಿಸಲು ನನಗೇನೂ ಅವಸರವಿಲ್ಲ. ಅಲ್ಲಿಯವರೆಗೆ ನೀನು ಅವಳಿಗೆ ಬರೆದದ್ದನ್ನೆಲ್ಲ ಓದಿ ಹೇಳಬೇಕಾದವಳು ನಾನು.